ಗರಡಿಗೆ ಮ್ಯಾಟ್ ಬಂದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ದಸರಾ ಹತ್ತಿರವಾದರೆ ಮೈಸೂರಿನಲ್ಲಿ ಕುಸ್ತಿಗೆ ಜೋಡಿ ಕಟ್ಟುವ ಸುದ್ದಿ ಬರುತ್ತದೆ. ಅದರ ಬೆನ್ನಿಗೇ ‘ನಮ್ಮ ಗರಡಿಗೂ ಮ್ಯಾಟ್ ಕೊಡಿ’ ಎಂಬ ಬೇಡಿಕೆಯೂ ಬರುತ್ತದೆ. ಬೇಡಿಕೆ ನ್ಯಾಯವಾದದ್ದೇ. ರಾಷ್ಟ್ರೀಯ ಕೂಟದಿಂದ ಒಲಿಂಪಿಕ್ಸ್‌ವರೆಗೆ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ. ಆದರೆ ಮ್ಯಾಟ್ ಬಂದ ಮೇಲೆ ಆಗುವುದನ್ನೂ ನೋಡಬೇಕು. ಉದ್ಘಾಟನೆಯ ಫೋಟೊ ಮುಗಿದ ಆರು ತಿಂಗಳಿಗೆ ಹೊದಿಕೆ ಸಡಿಲವಾಗಿರುತ್ತದೆ, ಮೂಲೆಯ ಫೋಮನ್ನು ಇಲಿ ಕಡಿದಿರುತ್ತದೆ, ನಾಲ್ಕು ಹುಡುಗರಿಗೆ ಹುಳುಕಡ್ಡಿ ಹತ್ತಿರುತ್ತದೆ. ಮ್ಯಾಟ್ ಸುತ್ತಿ ಗೋಡೆಗೆ ಒರಗಿಸಿ ಹುಡುಗರು ಮತ್ತೆ ಮಟ್ಟಿಗೆ, ಅಂದರೆ ಮಣ್ಣಿನ ಅಖಾಡಕ್ಕೆ, ಇಳಿಯುತ್ತಾರೆ. ಹಾಸುವ ಜಾಗ, ಅದರ ಮೇಲಿನ ಪಾಠ, ಅದನ್ನು ತೊಳೆಯುವ ಕ್ರಮ ಈ ಮೂರೂ ಮೊದಲೇ ಗೊತ್ತಿರದಿದ್ದರೆ ಮ್ಯಾಟಿಗೆ ಸುರಿದ ದುಡ್ಡು ವ್ಯರ್ಥ.

ಮೊದಲು ಜಾಗದ ಮಾತು. ಪಂದ್ಯದ ಮ್ಯಾಟ್ 12 ಮೀಟರ್ ಉದ್ದ, 12 ಮೀಟರ್ ಅಗಲ. ಅದರೊಳಗೆ 9 ಮೀಟರ್ ವ್ಯಾಸದ ವೃತ್ತ, ವೃತ್ತದ ಅಂಚಿನ ಒಳಭಾಗದಲ್ಲಿ 1 ಮೀಟರ್ ಅಗಲದ ಕೆಂಪು ಪಟ್ಟಿ, ಹೊರಗೆ ಒಂದೂವರೆ ಮೀಟರ್ ರಕ್ಷಣಾ ಜಾಗ. ಹಳೆಯ ಗರಡಿ ಮನೆಗಳಲ್ಲಿ ಹೆಚ್ಚಿನವು 20 ಅಡಿ ಚೌಕದ ಆಸುಪಾಸಿನವು, ಅಂದರೆ 6 ಮೀಟರ್. ಪೂರ್ತಿ ಮ್ಯಾಟ್ ಅಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ಸಿಕ್ಕಷ್ಟು ಫೋಮ್ ಹಲಗೆ ಜೋಡಿಸಿ, ಗೆರೆಯಿಲ್ಲದ ಒಂದೇ ಬಣ್ಣದ ಹಾಸಿನ ಮೇಲೆ ಅಭ್ಯಾಸ ನಡೆಯುತ್ತದೆ. ಹುಡುಗನಿಗೆ ಅಂಚು ಎಂದರೇನೆಂದೇ ತಿಳಿಯುವುದಿಲ್ಲ. ಪಂದ್ಯದಲ್ಲಿ ಒಂದು ಪಾದ ಗೆರೆಯಾಚೆ ಊರಿದರೂ ಎದುರಾಳಿಗೆ ಒಂದು ಅಂಕ. ಮಟ್ಟಿಯಿಂದ ಬಂದ ಹುಡುಗರು ಎದುರಾಳಿಯ ಪಟ್ಟುಗಳಿಗೆ ಸಿಕ್ಕಿ ಸೋಲುವುದಕ್ಕಿಂತ ಹೀಗೆ ಹಿಂದೆ ಹಿಂದೆ ಸರಿದು ಒಂದೊಂದೇ ಅಂಕ ಕಳೆದುಕೊಂಡು ಸೋಲುವುದೇ ಹೆಚ್ಚು.

ಇದಕ್ಕೆ ದುಡ್ಡಿಲ್ಲದ ದಾರಿಯೊಂದಿದೆ. 6 ಮೀಟರ್ ಚೌಕದ ಹಾಸಿನ ಒಂದು ಮೂಲೆಯನ್ನೇ ವೃತ್ತದ ನಡುಬಿಂದು ಎಂದಿಟ್ಟುಕೊಳ್ಳಿ. ಅಲ್ಲಿ ಒಬ್ಬ ಹಗ್ಗದ ತುದಿ ಒತ್ತಿ ಹಿಡಿಯಲಿ. ಇನ್ನೊಬ್ಬ ನಾಲ್ಕೂವರೆ ಮೀಟರಿಗೆ ಸೀಮೆಸುಣ್ಣ ಕಟ್ಟಿ ಕಮಾನು ಎಳೆಯಲಿ, ಮತ್ತೆ ಮೂರೂವರೆ ಮೀಟರಿಗೆ ಇನ್ನೊಂದು ಎಳೆಯಲಿ. ಗೆರೆಗಳ ಮೇಲೆ ಬಣ್ಣದ ಟೇಪ್ ಅಂಟಿಸಿದರೆ ಕಾಲು ವೃತ್ತ ಸಿಕ್ಕಿತು. ಎರಡು ಕಮಾನುಗಳ ನಡುವೆ ಇರುವುದೇ ಕೆಂಪು ಪಟ್ಟಿ, ಹೊರಗೆ ಉಳಿಯುವುದು ಲೆಕ್ಕಕ್ಕೆ ಸರಿಯಾಗಿ ಒಂದೂವರೆ ಮೀಟರ್. ಒಬ್ಬನ ಹಿಮ್ಮಡಿ ಹೊರಗಿನ ಗೆರೆಗೆ ತಾಗುವಂತೆ ನಿಲ್ಲಿಸಿ 20 ಸೆಕೆಂಡ್ ಬಿಡಿ. ಅವನು ಎದುರಾಳಿಯ ಮೊಣಕೈ ಎಳೆದು ಮಗ್ಗುಲಿಗೆ ತಿರುಗಿ ಒಳಗೆ ಬರಬೇಕು, ಎದುರಾಳಿ ಅವನನ್ನು ಹೊರದಬ್ಬಬೇಕು. ನೇರ ಎದೆಗೆ ಎದೆ ಕೊಟ್ಟು ತಡೆಯಲು ಹೋದವನು ಹತ್ತರಲ್ಲಿ ಎಂಟು ಸಲ ಹೊರಗೆ. ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ಸುತ್ತು ಮಾಡಿಸಿದರೆ ತಿಂಗಳೊಳಗೆ ಕಾಲಿಗೇ ಗೆರೆಯ ಅಂದಾಜು ಬರುತ್ತದೆ. ಗೋಡೆಗೆ ಎದೆಯೆತ್ತರದವರೆಗೆ ಫೋಮ್ ಹೊದಿಸುವುದನ್ನು ಮಾತ್ರ ಮರೆಯಬಾರದು. ಇಷ್ಟು ಜಾಗದಲ್ಲಿ ಜೋರು ಹಿಡಿತಕ್ಕೆ ಎರಡು ಜೋಡಿ, ಹೆಚ್ಚೆಂದರೆ ಮೂರು. ಮೂವತ್ತು ಹುಡುಗರನ್ನು ಒಟ್ಟಿಗೆ ಬಿಟ್ಟರೆ ಯಾರದೋ ಬೆನ್ನು ಇನ್ಯಾರದೋ ಮೊಣಕಾಲ ಮೇಲೆ ಬೀಳುತ್ತದೆ. ಮೊಣಕಾಲಿನ ಲಿಗಮೆಂಟ್ ಹೀಗೂ ಹರಿಯುತ್ತದೆ.

ಹೊದಿಕೆ ಬಿಗಿಯಾಗಿರಬೇಕು ಎಂಬುದೂ ಇದೇ ಕಾರಣಕ್ಕೆ. ಸುಕ್ಕಿಗೆ, ಹಲಗೆಗಳ ನಡುವಿನ ಸಂದಿಗೆ ಹೆಬ್ಬೆರಳು ಸಿಕ್ಕಿದರೆ ಮೈ ತಿರುಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ.

ಇನ್ನು ಪಾಠ. ಮಟ್ಟಿಯ ಕುಸ್ತಿ ಚಿತ್ ಆಗುವವರೆಗೆ, ಇಪ್ಪತ್ತು ನಿಮಿಷ ಎಳೆದರೂ ಎಳೆದೀತು. ಮೈಗೆ ಹತ್ತಿದ ಮಣ್ಣು ಹಿಡಿತ ಕೊಡುತ್ತದೆ, ಚಡ್ಡಿಯ ಅಂಚಿಗೆ ಕೈ ಹಾಕುವುದೂ ಪಟ್ಟಿನ ಭಾಗವೇ. ಮ್ಯಾಟಿನಲ್ಲಿ ಉಡುಪು ಹಿಡಿಯುವಂತಿಲ್ಲ, ಬೆವರಿದ ಮೈ ಜಾರುತ್ತದೆ. ಹಾಗಾಗಿ ಮಟ್ಟಿಯ ಹುಡುಗನ ಕೈ ಮೊದಲ ನಿಮಿಷದಲ್ಲೇ ಹುಡುಕುವುದು ಅಲ್ಲಿಲ್ಲದ ಹಿಡಿತವನ್ನು. ಕಾಲಿನದೂ ಅದೇ ಕತೆ. ಹದ ಮಾಡಿದ ಮಣ್ಣಿನಲ್ಲಿ ಪಾದ ಹೂತುಕೊಳ್ಳುತ್ತದೆ, ಮಂಡಿಯೂರಿ ಜಾರಿ ಕಾಲಿಗೆ ನುಗ್ಗುವುದು ಸುಲಭವಲ್ಲ. ಮ್ಯಾಟಿನಲ್ಲಿ ಅದೇ ಮೊದಲ ಅಸ್ತ್ರ. ನುಗ್ಗುವಾಗ ಮುಂದಿನ ಮಂಡಿ ಎದುರಾಳಿಯ ಎರಡೂ ಪಾದಗಳ ನಡುವಿನ ಗೆರೆ ದಾಟಬೇಕು, ತಲೆ ಮೇಲೆತ್ತಿರಬೇಕು, ಹಿಂದಿನ ಕಾಲು ಕೂಡಲೇ ಮುಂದೆ ಬರಬೇಕು. ಹಿಂದಿನ ಕಾಲು ಹಿಂದೆಯೇ ಉಳಿದರೆ ಎದುರಾಳಿ ಎದೆಯ ಭಾರ ಹಾಕಿ ಮುಗಿಸುತ್ತಾನೆ. ಗರಡಿಗಳಲ್ಲಿ ಕಲಿಸುವಾಗ ಮಂಡಿಯನ್ನೇ ನೋಡುತ್ತಾರೆ. ತಪ್ಪಾಗುವುದು ಆ ಹಿಂದಿನ ಕಾಲಿನಲ್ಲಿ.

ಎಲ್ಲಕ್ಕಿಂತ ದುಬಾರಿ ತಪ್ಪು ಕೆಳಗೆ ಬಿದ್ದ ಮೇಲಿನದು. ಮಟ್ಟಿಯಲ್ಲಿ ಬೋರಲು ಮಲಗಿ ಮಣ್ಣು ಕಚ್ಚಿಕೊಂಡರೆ ಅದು ವಿಶ್ರಾಂತಿ, ಎದುರಾಳಿ ದಣಿಯಲಿ ಎಂದು ಕಾಯುವ ಜಾಗ. ಮ್ಯಾಟಿನಲ್ಲಿ ಅದು ಬಾವಿ. ಕಾಲಿಗೂ ಕೈ ಹಾಕಬಹುದಾದ ಫ್ರೀಸ್ಟೈಲ್ ಪಂದ್ಯವೊಂದನ್ನು ನಿಧಾನವಾಗಿ ನೋಡಿ. ಎದುರಾಳಿ ಕಾಲು ಹಿಡಿದು ಕೆಡವಿದ, 2 ಅಂಕ. ಇವನು ಅಭ್ಯಾಸದಂತೆ ಬೋರಲು ಬಿದ್ದು ಕೈಗಳನ್ನು ಎದೆಯಡಿ ಮಡಚಿದ, ಕಾಲನ್ನು ಹಾಗೇ ಬಿಟ್ಟ. ಎದುರಾಳಿ ಎರಡೂ ಕಣಕಾಲುಗಳನ್ನು ಕತ್ತರಿಯಂತೆ ಹೆಣೆದು ಕಂಕುಳಿಗೆ ಸೇರಿಸಿಕೊಂಡ. ಕೋಚುಗಳು ಫಿತಲೆ ಅನ್ನುವ ಪಟ್ಟು ಇದೇ. ಒಂದು ಉರುಳು, ಬೆನ್ನು ಮ್ಯಾಟಿನ ಕಡೆ ತಿರುಗಿತು, 2 ಅಂಕ. ಹೆಣಿಗೆ ಬಿಡದೆ ಮತ್ತೊಂದು ಉರುಳು, ಮತ್ತೆ 2. ನಾಲ್ಕು ಉರುಳಿಗೆ ಒಟ್ಟು 10. ಅಂತರ 10 ಆದರೆ ಫ್ರೀಸ್ಟೈಲ್ ಪಂದ್ಯ ಅಲ್ಲಿಗೇ ಮುಕ್ತಾಯ, ಕಾಲು ಹಿಡಿಯುವಂತಿಲ್ಲದ ಗ್ರೀಕೊ ರೋಮನ್‌ನಲ್ಲಾದರೆ 8ಕ್ಕೇ. ವರ್ಷವಿಡೀ ದಂಡ, ಬಸ್ಕಿ ಹೊಡೆದ ಹುಡುಗ ಮುಕ್ಕಾಲು ನಿಮಿಷದಲ್ಲಿ ಹೊರಗೆ. ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎನ್ನಲು ಅಲ್ಲಿ ಮಣ್ಣೂ ಇಲ್ಲ.

ತಪ್ಪಿಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ, ಅಭ್ಯಾಸ ಬೇಕಷ್ಟೆ. ಕೆಡವಿಸಿಕೊಂಡ ಕ್ಷಣದಲ್ಲೇ ಕಾಲುಗಳನ್ನು ಅಗಲ ಮಾಡಿ ಒಂದನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡರೆ ಹೆಣೆಯಲು ಎರಡು ಕಣಕಾಲು ಒಟ್ಟಿಗೆ ಸಿಗುವುದಿಲ್ಲ. ಸೊಂಟ ಸುತ್ತಿ ಉರುಳಿಸಲು ಬಂದರೆ ಸೊಂಟವನ್ನು ಮ್ಯಾಟಿಗೆ ಒತ್ತಿ, ಅವನು ಉರುಳಿಸುವ ದಿಕ್ಕಿನ ಕೈಯನ್ನು ಮುಂದೆ ಚಾಚಿ ಊರಬೇಕು. ದಿನದ ಅಭ್ಯಾಸದ ಕೊನೆಯ ಹತ್ತು ನಿಮಿಷ, ಎಲ್ಲರೂ ಸುಸ್ತಾದಾಗ, ಇದನ್ನೇ ಮಾಡಿಸಬೇಕು. ಪಂದ್ಯದಲ್ಲಿ ಈ ತಪ್ಪಾಗುವುದು ಸುಸ್ತಾದಾಗಲೇ.

ದಮ್ಮಿನ ವಿಷಯವೂ ಬೇರೆ. ಐನೂರು ಬಸ್ಕಿ ಹೊಡೆಯುವ ತ್ರಾಣ ದೊಡ್ಡದೇ, ಆದರೆ 17 ವರ್ಷದೊಳಗಿನವರ ಪಂದ್ಯ ಎರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಹಿರಿಯರಿಗೆ ಮೂರು ನಿಮಿಷದ ಎರಡು ಸುತ್ತು. ಆ ಎರಡು ನಿಮಿಷದಲ್ಲಿ ಆರೇಳು ಸಲ ಪೂರ್ತಿ ಶಕ್ತಿ ಸುರಿಯಬೇಕಾಗುತ್ತದೆ. ಅದಕ್ಕೆ ಒಬ್ಬನನ್ನು ನಡುವೆ ನಿಲ್ಲಿಸಿ, 30 ಸೆಕೆಂಡಿಗೊಬ್ಬರಂತೆ ನಾಲ್ವರು ಹೊಸ ಎದುರಾಳಿಗಳನ್ನು ಬಿಡಿ. ಎರಡು ನಿಮಿಷಕ್ಕೆ ನಿಲ್ಲಿಸಿ, 30 ಸೆಕೆಂಡ್ ಬಿಡುವು ಕೊಟ್ಟು ಇನ್ನೊಮ್ಮೆ. ವಾರಕ್ಕೆ ಎರಡು ದಿನ ಸಾಕು. ಕೂಟಕ್ಕೆ ಐದು ದಿನ ಇರುವಾಗ ಇದನ್ನು ನಿಲ್ಲಿಸಿಬಿಡಬೇಕು. ಕೊನೆಯ ವಾರ ಅಭ್ಯಾಸದ ಅವಧಿಯನ್ನು ಅರ್ಧಕ್ಕೆ ಇಳಿಸಿ ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ಕೂಟ ಹತ್ತಿರ ಬಂದಂತೆ ಉಸ್ತಾದರಿಗೆ ಹುರುಪು ಏರುತ್ತದೆ, ಹುಡುಗರು ದಣಿದೇ ಬಸ್ ಹತ್ತುತ್ತಾರೆ. ಅದೇ ವಾರ ಯಾವುದೋ ಜಾತ್ರೆಯ ಇನಾಮು ಕುಸ್ತಿಗೂ ಇಳಿಸುವವರಿದ್ದಾರೆ!

ಅಂಕದ ಲೆಕ್ಕವನ್ನೂ ಬಾಯಿಪಾಠ ಮಾಡಿಸಬೇಕು. ಸಮಬಲವಾದರೆ ದೊಡ್ಡ ಅಂಕದ ಪಟ್ಟು ಹಾಕಿದವನು ಗೆಲ್ಲುತ್ತಾನೆ. ಅದೂ ಸಮವಾದರೆ ಕಡಿಮೆ ಎಚ್ಚರಿಕೆ ಪಡೆದವನು, ಅದೂ ಸಮವಾದರೆ ಕೊನೆಯ ಅಂಕ ಗಳಿಸಿದವನು. 1–1 ಇದೆ, ಕೊನೆಯ ಅಂಕ ಎದುರಾಳಿಯದು, 20 ಸೆಕೆಂಡ್ ಉಳಿದಿದೆ ಎಂದಾಗ ತಾನು ಸೋಲುತ್ತಿದ್ದೇನೆ ಎಂಬುದು ಹುಡುಗನಿಗೆ ಗೊತ್ತಿರಬೇಕು. ಸಮ ಇದೆ ಎಂದುಕೊಂಡು ಕೈಕಟ್ಟಿ ಕಾಯುವ ಹುಡುಗರು ಪ್ರತಿ ಕೂಟದಲ್ಲೂ ಸಿಗುತ್ತಾರೆ.

ಮಟ್ಟಿ ಮುಚ್ಚಿಬಿಡಿ ಎಂದು ಇದರ ಅರ್ಥವಲ್ಲ. ಕತ್ತು, ಹಿಡಿತ, ಎದೆಗೆ ಎದೆ ಕೊಟ್ಟು ನಿಲ್ಲುವ ಬಲ ಮಟ್ಟಿಯಲ್ಲಿ ಬೆಳೆದಷ್ಟು ಬೇರೆಲ್ಲೂ ಬೆಳೆಯದು. ಸೊಂಟದ ಮೇಲಿನ ಪಟ್ಟುಗಳಷ್ಟೇ ನಡೆಯುವ ಗ್ರೀಕೊ ರೋಮನ್‌ಗೆ ಇದು ಒಳ್ಳೆಯ ಬುನಾದಿ. ಆ ಶೈಲಿಯ 55 ಕೆ.ಜಿ. ವಿಭಾಗದಲ್ಲಿ ಬಾಗಲಕೋಟೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದಾರೆ. ಆದರೂ ನಮ್ಮ ಗರಡಿಗಳಲ್ಲಿ ಎಲ್ಲರನ್ನೂ ಫ್ರೀಸ್ಟೈಲ್‌ಗೇ ಬರೆಸುತ್ತೇವೆ. ವಾರದಲ್ಲಿ ನಾಲ್ಕು ದಿನ ಮ್ಯಾಟ್, ಎರಡು ದಿನ ಮಟ್ಟಿ ಎಂದಿಟ್ಟುಕೊಂಡರೆ ಎರಡಕ್ಕೂ ನ್ಯಾಯ ಸಿಗುತ್ತದೆ. ಮಟ್ಟಿಗೆ ಇಳಿಯುವ ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಸರ್ಕಾರವೇ ಉಚಿತವಾಗಿ ಕೊಡುವ, ಧನುರ್ವಾಯು ತಡೆಯುವ ಟಿಡಿ ಲಸಿಕೆ ಆಗಿದೆಯೇ ಎಂದು ಸೇರಿಸಿಕೊಳ್ಳುವಾಗಲೇ ಕೇಳಬೇಕು. ಮಣ್ಣು, ತರಚು ಗಾಯ, ಧನುರ್ವಾಯು ಮೂರಕ್ಕೂ ನಂಟಿದೆ.

ಈಗ ತೂಕ. ಇದನ್ನು ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. 17 ವರ್ಷದೊಳಗಿನ ಹುಡುಗರ ವಿಭಾಗಗಳಲ್ಲಿ 48 ಆದ ಮೇಲೆ 51, ಆಮೇಲೆ 55. 51 ತೂಗುವ ಹುಡುಗನನ್ನು 48ಕ್ಕೆ ಇಳಿಸಿದರೆ ಪದಕ ಖಚಿತ ಎಂಬ ನಂಬಿಕೆ ಗರಡಿಗಳಲ್ಲಿ ಬೇರೂರಿದೆ. ಎರಡು ದಿನ ಅನ್ನ ನೀರು ಬಿಡಿಸುವುದು, ಪ್ಲಾಸ್ಟಿಕ್ ತೊಡಿಸಿ ಬಿಸಿಲಲ್ಲಿ ಓಡಿಸುವುದು, ಉಗುಳಿಸುವುದು. ಕಳೆಯುವುದೆಲ್ಲ ನೀರೇ. ಮೈತೂಕದ ನೂರಕ್ಕೆ ಎರಡು ಭಾಗ ನೀರು ಹೋದರೂ ಆಟ ಕುಗ್ಗುತ್ತದೆ. ಇಲ್ಲಿ ಹೋಗುವುದು ನೂರಕ್ಕೆ ಆರು. ಈಗಿನ ನಿಯಮದಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆಯೇ. ಕಳೆದ ನೀರು ಒಂದೆರಡು ಗಂಟೆಯಲ್ಲಿ ಮರಳುವುದಿಲ್ಲ. ಕಡಿಮೆ ತೂಕದ ಎದುರಾಳಿ ಸಿಕ್ಕ ಲಾಭಕ್ಕಿಂತ ಬಾಡಿದ ಮೈಯ ನಷ್ಟವೇ ದೊಡ್ಡದು. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು, ಹಬೆಕೋಣೆ ಎರಡನ್ನೂ ನಿಷೇಧಿಸಿದರು.

ಕೆಲವು ಕಡೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿಸುತ್ತಾರೆ. ಅದರಲ್ಲಿರುವ ಫ್ಯುರೋಸೆಮೈಡ್ ಥರದ ಔಷಧ ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ. ಉಪ್ಪಿನಂಶ ಏರುಪೇರಾಗಿ ಎದೆಬಡಿತವೇ ತಪ್ಪಬಹುದು. ಹದಿನಾರರ ಹುಡುಗನಿಗೆ ಇದನ್ನು ಕೊಡುವವರನ್ನು ತರಬೇತುದಾರ ಎನ್ನಬಾರದು.

ಮಾಡಬೇಕಾದ್ದು ಇಷ್ಟು. ಕೂಟಕ್ಕೆ ಆರು ವಾರ ಮೊದಲು, ಬೆಳಿಗ್ಗೆ ಹೊಟ್ಟೆಗೆ ಏನೂ ಬೀಳುವ ಮುಂಚೆ, ಮೂರು ದಿನ ತೂಗಿ ಸರಾಸರಿ ಬರೆದಿಡಬೇಕು. 49ರೊಳಗೆ ಇದ್ದರೆ 48ಕ್ಕೆ ಹೆಸರು ಕೊಡಬಹುದು. ಕರಿದ ತಿಂಡಿ, ಬೇಕರಿ ತಿನಿಸು ಬಿಟ್ಟರೆ ಆರು ವಾರದಲ್ಲಿ ಅಷ್ಟು ಇಳಿಯುತ್ತದೆ. 49 ದಾಟಿದ್ದರೆ 51ರಲ್ಲೇ ಆಡಲಿ. 15 ವರ್ಷದೊಳಗಿನ ಮಕ್ಕಳಿಗೆ ಇಳಿಸುವ ಮಾತೇ ಬೇಡ, ಅವರದು ಬೆಳೆಯುವ ಮೈ. ಪ್ರತಿ ಅಭ್ಯಾಸದ ಮೊದಲು, ನಂತರ ತೂಗಿದರೆ ಬೆವರಿನ ಲೆಕ್ಕ ಸಿಗುತ್ತದೆ. ಒಂದು ಕಿಲೋ ಕಡಿಮೆಯಾಗಿದ್ದರೆ ಸಂಜೆಯೊಳಗೆ ಒಂದೂಕಾಲು ಲೀಟರ್ ನೀರು ಹೋಗಬೇಕು. ತೂಕ ಕೊಟ್ಟ ಮೇಲೆ ಬಾಳೆಹಣ್ಣು, ಉಪ್ಪು ಹಾಕಿದ ಅನ್ನದ ಗಂಜಿ, ಲೀಟರಿಗೊಂದು ಪೊಟ್ಟಣದಂತೆ ಓಆರ್‌ಎಸ್. ‘ಶಕ್ತಿ ಬರಲಿ’ ಎಂದು ಬಾದಾಮಿ ಹಾಲು, ತುಪ್ಪ, ಮಟನ್ ಸಾರು ತರುವ ಅಪ್ಪಂದಿರಿಗೆ ಒಂದು ಮಾತು: ಅದು ಜೀರ್ಣವಾಗುವಷ್ಟರಲ್ಲಿ ಮಗನ ಪಂದ್ಯ ಮುಗಿದಿರುತ್ತದೆ. ಅದನ್ನೆಲ್ಲ ರಾತ್ರಿ ಉಣ್ಣಿಸಿ.

ಚರ್ಮದ ಸೋಂಕು ಮ್ಯಾಟಿನ ಜೊತೆಗೇ ಬರುವ ನೆಂಟ. ಗುಡಿಸಿ, ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಲೀಟರ್ ನೀರಿಗೆ 20 ಮಿಲಿ ಲೀಟರಿನಂತೆ ನೂರಕ್ಕೆ ಐದರ ಸೋಡಿಯಂ ಹೈಪೋಕ್ಲೋರೈಟ್ ಬೆರೆಸಿ ಹಚ್ಚಬೇಕು. ಹತ್ತು ನಿಮಿಷ ತೇವ ಹಾಗೇ ಇರಲಿ, ಕೊನೆಗೆ ಬರಿ ನೀರಿನಲ್ಲಿ ಒರೆಸಿ ಫ್ಯಾನ್ ಹಾಕಿ ಒಣಗಿಸಬೇಕು. ಕೊಳೆಯ ಮೇಲೆಯೇ ದ್ರಾವಣ ಸುರಿದರೆ ಕೆಲಸ ಮಾಡದು, ಗಾಢವಾದರೆ ಹೊದಿಕೆ ಬಿರಿಯುತ್ತದೆ, ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ. ಇದು ದಿನದ ಕೆಲಸ, ಹಬ್ಬಕ್ಕೊಮ್ಮೆ ಮಾಡುವುದಲ್ಲ. ಮ್ಯಾಟಿನ ಶೂ ಹಾಕಿಕೊಂಡು ಶೌಚಾಲಯಕ್ಕೆ ಹೋಗಿ ಬಂದರೆ ತೊಳೆದದ್ದೆಲ್ಲ ನೀರುಪಾಲು. ಹುಳುಕಡ್ಡಿ ಕಂಡ ಹುಡುಗನನ್ನು ಔಷಧ ಹಚ್ಚಿ ಕನಿಷ್ಠ ಮೂರು ದಿನ ಹಿಡಿತದಿಂದ ದೂರವಿಡಬೇಕು. ತಲೆಯ ಚರ್ಮಕ್ಕೆ ಹತ್ತಿದ್ದರೆ ಎರಡು ವಾರ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಸೋಂಕನ್ನು ಹಬ್ಬಿಸುತ್ತದೆ. ಕಿವಿ ಊದಿ ಮೆತ್ತಗಾದರೆ ಎರಡು ಮೂರು ದಿನದೊಳಗೆ ಕಿವಿ ಡಾಕ್ಟರ ಹತ್ತಿರ ಹೋಗಿ ರಕ್ತ ತೆಗೆಸಿ ಬಿಗಿ ಪಟ್ಟಿ ಹಾಕಿಸಬೇಕು. ಗರಡಿಯಲ್ಲೇ ಸಿರಿಂಜ್ ಚುಚ್ಚಿಕೊಳ್ಳುವ ಶೂರರಿದ್ದಾರೆ, ಕೀವಾದ ಮೇಲೆ ಕಿವಿಯ ಆಕಾರವೇ ಹೋಗುತ್ತದೆ.

ಮ್ಯಾಟಿನಿಂದ ಆದ ದೊಡ್ಡ ಉಪಕಾರವೆಂದರೆ ಹೆಣ್ಣುಮಕ್ಕಳು ಕುಸ್ತಿಗೆ ಬಂದದ್ದು. ಹಲವು ಗರಡಿಗಳಲ್ಲಿ ಮಟ್ಟಿಗೆ ಅವರನ್ನು ಇಂದಿಗೂ ಇಳಿಸುವುದಿಲ್ಲ. ಮ್ಯಾಟ್ ಹಾಕಿಸುವಾಗ ಬಟ್ಟೆ ಬದಲಿಸುವ ಕೋಣೆ, ಒಳಗಿನಿಂದ ಚಿಲಕವಿರುವ ಶೌಚಾಲಯ, ಅಭ್ಯಾಸದ ಹೊತ್ತಿನಲ್ಲಿ ಜವಾಬ್ದಾರಿಯ ಒಬ್ಬ ಮಹಿಳೆ ಇಷ್ಟಿಲ್ಲದಿದ್ದರೆ ಅವರ ಮನೆಯವರು ಕಳಿಸುವುದಾದರೂ ಹೇಗೆ? ಅವರ ತೂಕ ನೋಡುವುದು ಮಹಿಳೆಯರೇ ಆಗಿರಬೇಕು.

ಇಲಾಖೆಯವರಿಗೆ, ದಾನಿಗಳಿಗೆ ವಿನಂತಿ. ಮ್ಯಾಟ್ ಮಂಜೂರು ಮಾಡುವ ಮೊದಲು ಯಾರಾದರೊಬ್ಬರು ಟೇಪ್ ಹಿಡಿದು ಗರಡಿಯ ನೆಲ ಅಳೆಯಲಿ. ಜಾಗ ಚಿಕ್ಕದಿದ್ದರೆ ಒಂದು ತಾಲ್ಲೂಕಿನ ಎಲ್ಲ ಗರಡಿಗಳೂ ಸರದಿಯಲ್ಲಿ ಬಳಸುವಂತೆ ಒಂದೇ ಪೂರ್ತಿ ಮ್ಯಾಟನ್ನು ಶಾಲೆಯ ಸಭಾಂಗಣದಲ್ಲೋ ಒಳಾಂಗಣ ಕ್ರೀಡಾಂಗಣದಲ್ಲೋ ಹಾಸಲಿ. ಮ್ಯಾಟಿನ ಪಟ್ಟಿಯಲ್ಲೇ ಗೋಡೆಯ ಫೋಮ್, ಎಲ್ಲರಿಗೂ ಕಾಣುವ ಟೈಮರ್, ವರ್ಷದ ಶುಚಿ ಸಾಮಗ್ರಿ ಸೇರಲಿ. ಕೊನೆಯದಾಗಿ ಒಂದು ತೂಕದ ಯಂತ್ರ. ಮನೆಬಳಕೆಯ ಗಾಜಿನ ಯಂತ್ರ ಬೇಡ, ಅದನ್ನು ಸೊಟ್ಟ ನೆಲದ ಮೇಲಿಟ್ಟರೆ ಅರ್ಧ ಕಿಲೋ ಆಚೀಚೆ ತೋರಿಸುತ್ತದೆ. 50 ಗ್ರಾಂವರೆಗೆ ತೋರಿಸುವ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಯಂತ್ರ ಬೇಕು. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಫೈನಲ್‌ನಿಂದ ಹೊರಬಿದ್ದದ್ದು 100 ಗ್ರಾಂಗೆ.

— ಗರಡಿ ತರಬೇತುದಾರರು, ಮೈಸೂರು